ಮೀಟರಿನ ಕೆಂಪು ದೀಪ ಎಣಿಸಿ ನೋಡಿದ್ದೀರಾ?

ಕರೆಂಟು ಬಿಲ್ಲು ಜಾಸ್ತಿ ಬಂದ ತಿಂಗಳು ಮನೆಯಲ್ಲಿ ಮೊದಲು ಬೈಸಿಕೊಳ್ಳುವುದು ಮಕ್ಕಳು, ಲೈಟು ಆರಿಸುವುದಿಲ್ಲ ಅಂತ. ಎರಡನೆಯದಾಗಿ ಗ್ರೈಂಡರು. ಕೊನೆಗೆ ಮೀಟರು - ‘ಅದು ಸುಮ್ಮನೆ ಓಡುತ್ತದೆ ಮಾರಾಯ್ರೇ!’ ಈ ಮೂವರಲ್ಲಿ ಮೊದಲ ಇಬ್ಬರದು ತಪ್ಪಿಲ್ಲ. ಮೂರನೆಯದರದ್ದೂ ಸಾಮಾನ್ಯವಾಗಿ ಇಲ್ಲ. ಯೂನಿಟ್ಟು ತಿನ್ನುವವರು ಬೇರೆಯೇ ಇದ್ದಾರೆ. ಅವರನ್ನು ಹಿಡಿಯಲು ಯಾವ ಸಲಕರಣೆಯೂ ಬೇಡ. ಮೀಟರಿನಲ್ಲಿರುವ ಕೆಂಪು ದೀಪ, ಸೆಕೆಂಡು ಮುಳ್ಳಿರುವ ಒಂದು ವಾಚು, ಒಂದು ತುಂಡು ಕಾಗದ ಸಾಕು.

ಈಗ ಇದರ ಬಗ್ಗೆ ಬರೆಯಲು ಕಾರಣವಿದೆ. 2023ರ ಜುಲೈ ತಿಂಗಳ ಬಳಕೆಯಿಂದ ‘ಗೃಹಜ್ಯೋತಿ’ ಬಂದ ಮೇಲೆ ನಮ್ಮಲ್ಲಿ ಅನೇಕರು ಬಿಲ್ಲು ನೋಡುವುದನ್ನೇ ಬಿಟ್ಟಿದ್ದಾರೆ. ‘ಸೊನ್ನೆ ಬಿಲ್ಲು, ನೋಡುವುದೇನು?’ ಅನ್ನುತ್ತಾರೆ. ಆದರೆ ಆ ಯೋಜನೆಯಲ್ಲಿ ಒಂದು ಬರೆ ಇದೆ. ಗುಡ್ಡದ ಬರೆಯ ಹಾಗೆ, ಅಂಚಿನವರೆಗೆ ಸಪಾಟು, ಒಂದು ಹೆಜ್ಜೆ ಮುಂದಿಟ್ಟರೆ ಕೆಳಗೆ.

ಲೆಕ್ಕ ಹೀಗೆ. 2022-23ರಲ್ಲಿ ನಿಮ್ಮ ಮನೆಯ ಸರಾಸರಿ ಬಳಕೆ ತಿಂಗಳಿಗೆ 120 ಯೂನಿಟ್ಟು ಇತ್ತು ಎನ್ನಿ. ಅದಕ್ಕೆ ಶೇಕಡಾ 10 ಸೇರಿಸಿ 132 ಯೂನಿಟ್ಟು ನಿಮ್ಮ ಪಾಲು. ಅಷ್ಟರೊಳಗಿದ್ದರೆ ಸೊನ್ನೆ. ಯಾವುದೋ ತಿಂಗಳು 200 ಆಯಿತು ಎನ್ನಿ. ಹೆಚ್ಚಾದ 68 ಯೂನಿಟ್ಟಿಗೆ ಮಾತ್ರ ಹಣ ಕೊಡಬೇಕು. 2024ರ ಏಪ್ರಿಲಿನಿಂದ ಮನೆ ಬಳಕೆಗೆ ಹಂತಗಳನ್ನು ತೆಗೆದು ಎಲ್ಲ ಯೂನಿಟ್ಟಿಗೂ ಒಂದೇ ದರ ಮಾಡಿದರು - ಆಗ 5 ರೂಪಾಯಿ 90 ಪೈಸೆ. ಲೆಕ್ಕಕ್ಕೆ ಸುಲಭವಾಗಲಿ ಅಂತ ಇಲ್ಲಿ ಆರು ರೂಪಾಯಿ ಹಿಡಿಯುತ್ತೇನೆ. ಆಗ 68 ಯೂನಿಟ್ಟಿಗೆ ಸುಮಾರು 400 ರೂಪಾಯಿ. ಅದೇ 201 ಆಯಿತೋ, ಪೂರ್ತಿ 201 ಯೂನಿಟ್ಟಿನ ಹಣ ಕೊಡಬೇಕು. 1200 ರೂಪಾಯಿ. ಅದರ ಮೇಲೆ ಕಿಲೋವಾಟಿನ ಲೆಕ್ಕದಲ್ಲಿ ನಿಗದಿ ಶುಲ್ಕ, ತೆರಿಗೆ. ಒಂದೇ ಒಂದು ಯೂನಿಟ್ಟಿಗೆ ಸಾವಿರದ ಆಸುಪಾಸು ವ್ಯತ್ಯಾಸ!

ಕಾಸರಗೋಡಿನ ಓದುಗರಿಗೆ ಗೃಹಜ್ಯೋತಿ ಇಲ್ಲ, ಆದರೆ ಅವರಿಗೂ ಇಂಥದೇ ಒಂದು ಬರೆ ಇದೆ. ಅಲ್ಲಿ ಎರಡು ತಿಂಗಳಿಗೊಮ್ಮೆ ಬಿಲ್ಲು. ತಿಂಗಳಿಗೆ 250 ಯೂನಿಟ್ಟಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ದರ. 250 ದಾಟಿತೆಂದರೆ ಮೊದಲ ಯೂನಿಟ್ಟಿನಿಂದಲೇ ಮೇಲಿನ ದರ.

ಹಾಗಾಗಿ ಅಂಚಿನಲ್ಲಿರುವ ಮನೆಗೆ ಇಪ್ಪತ್ತು ಮೂವತ್ತು ಯೂನಿಟ್ಟು ಕಡಿಮೆಯಾಗುವುದೆಂದರೆ ನೂರೈವತ್ತು ರೂಪಾಯಿಯ ಮಾತಲ್ಲ. ನಮ್ಮ ಮನೆ ಬೇಸಿಗೆಯಲ್ಲಿ 200ರ ಆಚೆ ಈಚೆ ಹಾರುತ್ತಿದ್ದುದರಿಂದ ಒಂದು ವಾರ ಕೂತು ಎಲ್ಲವನ್ನೂ ಅಳೆದೆ. ಅಳೆದ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಯಾಕೆಂದರೆ ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ.

ದೀಪ ಮಿಟುಕುವ ಲೆಕ್ಕ

ಈಗಿನ ಎಲೆಕ್ಟ್ರಾನಿಕ್ ಮೀಟರಿನ ಮುಖದಲ್ಲಿ ಒಂದು ಸಣ್ಣ ಕೆಂಪು ದೀಪ ಮಿಟುಕುತ್ತಾ ಇರುತ್ತದೆ. ಅದರ ಹತ್ತಿರ 3200 ಎಂದೋ 1600 ಎಂದೋ ಒಂದು ಸಂಖ್ಯೆ ಅಚ್ಚು ಹಾಕಿರುತ್ತಾರೆ, ಮುಂದೆ ‘ಇಂಪ್ ಪರ್ ಕೆಡಬ್ಲ್ಯುಎಚ್’ ಎಂದಿರುತ್ತದೆ. ಅಂದರೆ ದೀಪ 3200 ಸಲ ಮಿಟುಕಿದಾಗ ಒಂದು ಯೂನಿಟ್ಟು ಆಯಿತು ಅಂತ ಅರ್ಥ.

ಒಂದು ಮಿಟುಕಿಗೂ ಮುಂದಿನದಕ್ಕೂ ನಡುವೆ ಎಷ್ಟು ಸೆಕೆಂಡು ಎಂದು ನೋಡಿ. 1125ನ್ನು ಆ ಸೆಕೆಂಡುಗಳಿಂದ ಭಾಗಿಸಿ. ಬಂದದ್ದೇ ಆ ಹೊತ್ತಿಗೆ ನಿಮ್ಮ ಮನೆ ಎಳೆಯುತ್ತಿರುವ ವಾಟು. ನಿಮ್ಮ ಮೀಟರು 1600ರದ್ದಾದರೆ 1125ರ ಬದಲು 2250. ಬೇರೆ ಸಂಖ್ಯೆ ಇದ್ದರೆ 36 ಲಕ್ಷವನ್ನು ಅದರಿಂದ ಭಾಗಿಸಿದರೆ ನಿಮ್ಮ ಮೀಟರಿನ ಅಂಕಿ ಸಿಗುತ್ತದೆ. ದೀಪ ಬೇಗ ಬೇಗ ಮಿಟುಕುವಾಗ ಒಂದನ್ನು ಹಿಡಿಯುವುದು ಕಷ್ಟ, ಹತ್ತು ಮಿಟುಕಿಗೆ ಎಷ್ಟು ಸೆಕೆಂಡು ಎಂದು ನೋಡಿ ಹತ್ತರಿಂದ ಭಾಗಿಸಿದರಾಯಿತು.

ಇನ್ನೊಂದು ಅಂಕಿ ನೆನಪಿಟ್ಟುಕೊಳ್ಳಿ. 10 ವಾಟಿನ ವಸ್ತು ಹಗಲಿರುಳು ಚಾಲೂ ಇದ್ದರೆ ತಿಂಗಳಿಗೆ 7.2 ಯೂನಿಟ್ಟು. ‘ಹತ್ತು ವಾಟು ಏನು ಮಹಾ’ ಅನ್ನುವವರು ಇದನ್ನು ಆರರಿಂದ ಗುಣಿಸಿ ನೋಡಬಹುದು.

ರಾತ್ರಿ ಎಲ್ಲರೂ ಮಲಗಿದ ಮೇಲೆ ನಮ್ಮ ಮೀಟರಿನ ಮುಂದೆ ನಿಂತಾಗ ಲೈಟು ಇಲ್ಲ, ಫ್ಯಾನು ಆಫ್ ಮಾಡಿಸಿದ್ದೆ. ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತಿದ್ದೆ. ಮನೆಯಲ್ಲಿ ಯಾರೂ ಏನೂ ಬಳಸುತ್ತಿಲ್ಲ. ಆದರೂ ದೀಪ 15 ಸೆಕೆಂಡಿಗೊಮ್ಮೆ ಮಿಟುಕುತ್ತಿತ್ತು. ಅಂದರೆ 75 ವಾಟು. ದಿನಕ್ಕೆ 1.8 ಯೂನಿಟ್ಟು, ತಿಂಗಳಿಗೆ 54!

ಒಂದೊಂದನ್ನೇ ಆರಿಸುತ್ತಾ ಹೋದೆ. ಇನ್ವರ್ಟರನ್ನು ಗೋಡೆಯ ಸ್ವಿಚ್ಚಿನಲ್ಲಿ ಆರಿಸಿದ ಕೂಡಲೇ 15 ಸೆಕೆಂಡು ಇದ್ದದ್ದು 30 ಆಯಿತು. ಅರ್ಧಕ್ಕರ್ಧ ಅದೊಂದೇ - 37 ವಾಟು. ಟಿ.ವಿ.ಯ ಸೆಟ್‌ಟಾಪ್ ಬಾಕ್ಸು ಆರಿಸಿದಾಗ 47 ಸೆಕೆಂಡು. ರಿಮೋಟಿನಲ್ಲಿ ಟಿ.ವಿ. ಆರಿಸಿದರೂ ಈ ಪೆಟ್ಟಿಗೆ ಎಚ್ಚರವಾಗಿಯೇ ಇರುತ್ತದೆ. ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಆ ಬೆಚ್ಚಗೆಯೇ ನಿಮ್ಮ ಯೂನಿಟ್ಟು. ವೈಫೈ ಪೆಟ್ಟಿಗೆ ತೆಗೆದಾಗ 75 ಸೆಕೆಂಡು. ಉಳಿದ 15 ವಾಟು ಅಂಗಳದ ಕ್ಯಾಮೆರಾ ಮತ್ತು ಅದರ ರೆಕಾರ್ಡರಿನದ್ದು. ಅದನ್ನೂ ಕಿತ್ತ ಮೇಲೆ ದೀಪ ನಿಂತಿತು. (ಕೆಲವು ಮೀಟರಿನಲ್ಲಿ ಬಳಕೆ ಇಲ್ಲದಾಗ ದೀಪ ಮಿಟುಕದೆ ಒಂದೇ ಸಮ ಉರಿಯುತ್ತದೆ. ಹೆದರಬೇಡಿ, ಅದೂ ಸೊನ್ನೆಯೇ.)

ಹಳೆಯ ತಿರುಗುವ ತಟ್ಟೆಯ ಮೀಟರು ಇಂಥ ಚಿಲ್ಲರೆಯನ್ನು ಸರಿಯಾಗಿ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಸಣ್ಣ ಹೊರೆಗೆ ತಟ್ಟೆ ತಿರುಗಲು ಉದಾಸೀನ ಮಾಡುತ್ತಿತ್ತು. ಎಲೆಕ್ಟ್ರಾನಿಕ್ ಮೀಟರು ಬಿಡುವುದಿಲ್ಲ. ‘ಮೀಟರು ಬದಲಿಸಿದ ಮೇಲೆ ಬಿಲ್ಲು ಏರಿತು’ ಅನ್ನುವ ದೂರಿನಲ್ಲಿ ಇಷ್ಟು ಸತ್ಯ ಇದೆ.

ಎಲ್ಲ ಆರಿಸಿದರೂ ಮಿಟುಕಿದರೆ?

ಇದು ಬಿಲ್ಲಿಗಿಂತ ದೊಡ್ಡ ವಿಷಯ. ಎಲ್ಲ ಪ್ಲಗ್ಗು ಕಿತ್ತು, ಎಲ್ಲ ಸ್ವಿಚ್ಚು ಆರಿಸಿದ ಮೇಲೂ ದೀಪ ಮಿಟುಕುತ್ತಿದ್ದರೆ ಮೊದಲು ಮೈನ್ ಸ್ವಿಚ್ಚು ಕೆಳಗೆ ಮಾಡಿ. ಆಗಲೂ ಮಿಟುಕಿದರೆ ಮೀಟರಿನ ದೋಷವಿರಬಹುದು, ಅರ್ಜಿ ಕೊಟ್ಟು ಪರೀಕ್ಷೆ ಮಾಡಿಸಿ. ಮೈನ್ ಕೆಳಗೆ ಮಾಡಿದಾಗ ನಿಂತು, ಮೇಲೆ ಮಾಡಿದಾಗ ಮತ್ತೆ ಶುರುವಾದರೆ ಮನೆಯ ವಯರಿಂಗಿನಲ್ಲೇ ಎಲ್ಲೋ ಸೋರುತ್ತಿದೆ. ಒಂದೊಂದೇ ಎಂಸಿಬಿ ಆರಿಸುತ್ತಾ ಬಂದರೆ ಯಾವ ಕವಲು ಎಂದು ಗೊತ್ತಾಗುತ್ತದೆ.

ನಮ್ಮಂಥ ಮನೆಗಳಲ್ಲಿ ಸಂಶಯಪಡಬೇಕಾದ್ದು ಹಟ್ಟಿಗೆ ಎಳೆದ ವಯರು, ಅಡಿಕೆ ಅಂಗಳದ ದೀಪದ ವಯರು, ಮಣ್ಣಿನಡಿ ಪೈಪಿನಲ್ಲಿ ಹಾಕಿದ ಪಂಪಿನ ವಯರು. ಇಲಿ ಕಡಿದಿರುತ್ತದೆ, ಮಳೆಗಾಲದಲ್ಲಿ ಪೈಪಿನೊಳಗೆ ನೀರು ನಿಂತಿರುತ್ತದೆ. ಬೇಸಿಗೆಯಲ್ಲಿ ಈ ಪರೀಕ್ಷೆ ಮಾಡಿದರೆ ಏನೂ ಕಾಣಿಸದೆ ಆಟಿ ತಿಂಗಳಲ್ಲಿ ಕಾಣಿಸಬಹುದು. ಹಾಗಾಗಿ ವರ್ಷಕ್ಕೆ ಎರಡು ಸಲ ನೋಡುವುದು ಒಳ್ಳೆಯದು. ಸೋರಿದ ಕರೆಂಟು ಒದ್ದೆ ನೆಲಕ್ಕೆ ಇಳಿಯುವ ಜಾಗದಲ್ಲಿ ದನ ಕಟ್ಟಿರುತ್ತೇವೆ, ನಾವೇ ಬರಿಗಾಲಲ್ಲಿ ನಿಂತಿರುತ್ತೇವೆ. 30 ಮಿಲಿ ಆಂಪಿಯರಿನ ಇಎಲ್‌ಸಿಬಿ ಹಾಕಿಸಿದರೆ ಏಳು ವಾಟಿನಷ್ಟು ಸೋರಿದರೂ ಅದು ತಾನಾಗಿ ಬೀಳುತ್ತದೆ. ಬಿದ್ದಾಗ ‘ಇದರದ್ದೊಂದು ಉಪದ್ರ’ ಅಂತ ಬೈಪಾಸ್ ಮಾಡಿಸುವವರೂ ನಮ್ಮಲ್ಲಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಬೀಳುವುದು ಸೋರುತ್ತಿರುವುದಕ್ಕೆ.

ಇನ್ವರ್ಟರಿನ ಹೊಟ್ಟೆ

ಕರೆಂಟು ಹೋದಾಗ ಉಪಕಾರ ಮಾಡುವ ಇನ್ವರ್ಟರು ಕರೆಂಟು ಇದ್ದಾಗ ಮಾಡುವುದೇನು? ಬ್ಯಾಟರಿಯನ್ನು ತುಂಬಿದಲ್ಲೇ ಇಡಲು ಸದಾ ಸ್ವಲ್ಪ ಸ್ವಲ್ಪ ಉಣಿಸುತ್ತಾ ಇರುತ್ತದೆ. ಬ್ಯಾಟರಿ ಹೊಸದಿದ್ದಾಗ ಇದು ಕಡಿಮೆ. ಹಳತಾಗುತ್ತಾ ಬಂದ ಹಾಗೆ ಉಣಿಸಿದ್ದು ಬಿಸಿಯಾಗಿಯೂ ಗಾಳಿಗುಳ್ಳೆಯಾಗಿಯೂ ಹೋಗುತ್ತದೆ. ತೂತು ಕೊಡಪಾನಕ್ಕೆ ನೀರು ಹೊಯ್ದ ಹಾಗೆ. ಬ್ಯಾಟರಿ ಸುಸ್ತಾಗಿದೆಯೋ ಎಂದು ತಿಳಿಯಲು ಎರಡು ಗುರುತು: ಕರೆಂಟು ಇದ್ದಾಗಲೂ ಕೈಯಿಟ್ಟರೆ ಬೆಚ್ಚಗಿರುವುದು, ಮತ್ತು ಡಿಸ್ಟಿಲ್ಡ್ ವಾಟರ್ ಬೇಗ ಬೇಗ ಮುಗಿಯುವುದು. ಅಂಥದ್ದು ಕರೆಂಟು ಹೋದಾಗ ಅರ್ಧ ಗಂಟೆಯೂ ನಿಲ್ಲುವುದಿಲ್ಲ, ಇದ್ದಾಗ ತಿಂಗಳಿಗೆ 25 ಯೂನಿಟ್ಟು ತಿನ್ನುತ್ತದೆ.

ಹಾಗಂತ ಇನ್ವರ್ಟರನ್ನು ದಿನಗಟ್ಟಲೆ ಆರಿಸಿಡಬೇಡಿ. ಸೀಸದ ಬ್ಯಾಟರಿ ಖಾಲಿ ಕೂತರೆ ಇನ್ನೂ ಬೇಗ ಕೆಡುತ್ತದೆ. ಸುಸ್ತಾದ ಬ್ಯಾಟರಿಯನ್ನು ‘ಇನ್ನೊಂದು ಮಳೆಗಾಲ ನೋಡೋಣ’ ಅಂತ ಎಳೆಯುವುದರಲ್ಲಿ ಲಾಭವಿಲ್ಲ ಅಷ್ಟೇ. ನಮ್ಮಲ್ಲಿ ಬ್ಯಾಟರಿ ಬದಲಿಸಿದ ಮೇಲೆ 37 ವಾಟು ಇದ್ದದ್ದು 12ಕ್ಕೆ ಇಳಿಯಿತು. ತಿಂಗಳಿಗೆ 18 ಯೂನಿಟ್ಟು. ಸೆಟ್‌ಟಾಪ್ ಬಾಕ್ಸಿನ ಪ್ಲಗ್ಗಿಗೆ ಸ್ವಿಚ್ಚು ಇರುವ ಬೋರ್ಡು ಹಾಕಿ, ನೋಡದಾಗ ಆರಿಸುವುದರಿಂದ ಇನ್ನೊಂದು 7. ಎರಡು ಸೇರಿ 25 ಯೂನಿಟ್ಟು ಹೋಯಿತು. ಯಾರೂ ಒಂದು ಲೈಟು ಕಡಿಮೆ ಉರಿಸಲಿಲ್ಲ.

ನೀರು ಎತ್ತುವ ಖರ್ಚು

ಕೃಷಿ ಪಂಪಿಗೆ 10 ಎಚ್‌ಪಿವರೆಗೆ ಕರೆಂಟು ಉಚಿತ ಇರುವುದರಿಂದ ನಾವು ನೀರು ಎತ್ತುವುದಕ್ಕೆ ಖರ್ಚು ಇದೆ ಅನ್ನುವುದನ್ನೇ ಮರೆತಿದ್ದೇವೆ. ಮನೆ ಬಳಕೆಯ ಪಂಪು ಮನೆ ಮೀಟರಿನಲ್ಲಿದೆ. ಅದರ ಲೆಕ್ಕ ನೋಡಿದವರು ಕಡಿಮೆ.

ಸಾವಿರ ಲೀಟರು ನೀರನ್ನು 10 ಮೀಟರು ಎತ್ತಲು ಬೇಕಾದ ಶಕ್ತಿ 0.027 ಯೂನಿಟ್ಟು. ಇದು ಪ್ರಕೃತಿಯ ನಿಯಮ, ಯಾವ ಕಂಪೆನಿಯೂ ಇದಕ್ಕಿಂತ ಕಡಿಮೆ ಮಾಡಲಾರದು. ಆದರೆ ಮನೆಯ ಸಣ್ಣ ಪಂಪುಗಳು ತಿಂದದ್ದರಲ್ಲಿ ಕಾಲುಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ ಮಾತ್ರ ನೀರಿಗೆ ಕೊಡುತ್ತವೆ. ಹಾಗಾಗಿ ಒರಟು ಲೆಕ್ಕಕ್ಕೆ ಹತ್ತು ಮೀಟರಿಗೆ ಸಾವಿರ ಲೀಟರಿಗೆ 0.1 ಯೂನಿಟ್ಟು ಎಂದು ಇಟ್ಟುಕೊಳ್ಳಬಹುದು. ಬಾವಿಯ ನೀರಿನ ಮಟ್ಟದಿಂದ ಟ್ಯಾಂಕಿನ ಬಾಯಿಯವರೆಗೆ 20 ಮೀಟರು ಇದ್ದರೆ 0.2 ಯೂನಿಟ್ಟು. ಬೋರ್‌ವೆಲ್ಲಿನಲ್ಲಿ ನೀರು 100 ಮೀಟರು ಆಳದಲ್ಲಿದ್ದರೆ ಒಂದು ಯೂನಿಟ್ಟು.

ಈಗ ನಿಮ್ಮ ಪಂಪು ಪರೀಕ್ಷೆ ಮಾಡಿ. ಬೇರೆಲ್ಲ ಆರಿಸಿ ಪಂಪು ಮಾತ್ರ ಹಾಕಿ, ಹತ್ತು ಮಿಟುಕಿಗೆ ಎಷ್ಟು ಸೆಕೆಂಡು ನೋಡಿ. 3200ರ ಮೀಟರಿನಲ್ಲಿ ಹತ್ತು ಸೆಕೆಂಡು ಬಂತೆನ್ನಿ, ಅಂದರೆ 1125 ವಾಟು. ಸಾವಿರ ಲೀಟರಿನ ಟ್ಯಾಂಕು ತುಂಬಲು 20 ನಿಮಿಷ ಹಿಡಿದರೆ 0.375 ಯೂನಿಟ್ಟು ಆಯಿತು. 20 ಮೀಟರಿನ ಎತ್ತರಕ್ಕೆ ಇದು ಆಗಬೇಕಾದ್ದರ ಹತ್ತಿರ ಹತ್ತಿರ ಎರಡು ಪಟ್ಟು. ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿದೆಯೋ, ಇಂಪೆಲ್ಲರು ಸವೆದಿದೆಯೋ, ಒಂದು ಇಂಚಿನ ಪೈಪಿನಲ್ಲಿ ಬೆಂಡುಗಳು ಹೆಚ್ಚಾಗಿವೆಯೋ ನೋಡಬೇಕು. ಪೈಪನ್ನು ಒಂದು ಸೈಜು ದೊಡ್ಡದು ಮಾಡಿದರೆ ಅದೇ ಪಂಪು ಬೇಗ ತುಂಬಿಸುವುದುಂಟು.

ಬಾವಿ ಮತ್ತು ಬೋರು ಎರಡೂ ಇರುವ ಮನೆಗಳಲ್ಲಿ ಇನ್ನೊಂದು ಸಂಗತಿ. ಬಾವಿ ನೀರು ಕುಡಿಯಲಿಕ್ಕೆ, ಸ್ನಾನ, ಬಟ್ಟೆ, ಹಟ್ಟಿ ತೊಳೆಯುವುದಕ್ಕೆಲ್ಲ ಬೋರು ಎಂದು ಮಾಡಿಕೊಂಡಿರುತ್ತಾರೆ. ದನ ಇರುವ ಮನೆಗೆ ದಿನಕ್ಕೆ ಎರಡು ಸಾವಿರ ಲೀಟರು ಸುಲಭವಾಗಿ ಬೇಕು. ಬೋರಿನಿಂದ ಅದು ತಿಂಗಳಿಗೆ 60 ಯೂನಿಟ್ಟು, ಬಾವಿಯಿಂದ 12. ಜೂನಿನಿಂದ ಡಿಸೆಂಬರಿನವರೆಗೆ ಬಾವಿಯಲ್ಲಿ ಕೈಗೆಟಕುವಷ್ಟು ನೀರಿರುವಾಗ ನೂರು ಮೀಟರು ಕೆಳಗಿನದನ್ನು ಎತ್ತುವುದೇಕೆ? ಚಾವಣಿಯ ಮಳೆನೀರನ್ನು ನೇರ ಟ್ಯಾಂಕಿಗೆ ಬಿಟ್ಟು ಹಟ್ಟಿಗೆ ಬಳಸಿದರೆ ಆ ನಾಲ್ಕು ತಿಂಗಳು ಅದೂ ಇಲ್ಲ.

ಮೇಲಿನ ಗುಡ್ಡದಿಂದ ಅಬ್ಬಿ ನೀರು ಪೈಪಿನಲ್ಲಿ ಇಳಿಸಿಕೊಂಡ ಮಲೆನಾಡಿನ ಮನೆಗಳು, ಸುರಂಗದ ನೀರಿರುವ ನಮ್ಮ ಗಡಿಭಾಗದ ಮನೆಗಳು ಈ ವಿಭಾಗವನ್ನು ಓದದೆ ಮುಂದೆ ಹೋಗಬಹುದು. ಅವರ ಹಿರಿಯರು ತೋಡಿಟ್ಟು ಹೋದದ್ದು ಬರೀ ನೀರಲ್ಲ, ಪ್ರತಿ ತಿಂಗಳ ಯೂನಿಟ್ಟು ಕೂಡಾ. ಪಂಪು ಬಂದ ಮೇಲೆ ಅದನ್ನು ಹೂಳು ತುಂಬಲು ಬಿಟ್ಟವರು ಒಮ್ಮೆ ಯೋಚಿಸಬೇಕು.

ಬಿಸಿ ಮಾಡುವುದೆಲ್ಲ ದುಬಾರಿ

ಒಂದು ಬಕೆಟ್ಟು, 20 ಲೀಟರು ನೀರನ್ನು 25 ಡಿಗ್ರಿಯಿಂದ 40ಕ್ಕೆ ಏರಿಸಲು 0.35 ಯೂನಿಟ್ಟು ಬೇಕು. ಐದು ಜನರ ಮನೆಗೆ ದಿನಕ್ಕೆ ಒಂದೂಮುಕ್ಕಾಲು ಯೂನಿಟ್ಟು. ಗೀಸರಿನ ಮೈಯಿಂದ ಹೋಗುವ ಬಿಸಿ, ಪೈಪಿನಲ್ಲಿ ಉಳಿಯುವ ನೀರು ಸೇರಿ ಎರಡು. ತಿಂಗಳಿಗೆ 60. ಮನೆಯ ಎಲ್ಲ ಎಲ್‌ಇಡಿ ಬಲ್ಬುಗಳೂ ಸೇರಿ ಇದರ ಅರ್ಧವನ್ನೂ ತಿನ್ನುವುದಿಲ್ಲ.

ಅಡಿಕೆ ತೋಟದ ಮನೆಯಲ್ಲಿ ಗೀಸರು ಹಾಕುವುದು ನನಗೆ ಸರಿ ಕಾಣುವುದಿಲ್ಲ. ಸೋಗೆ, ಹಾಳೆ, ಸಿಪ್ಪೆ, ಕೊತ್ತಳಿಗೆ, ಗೆರಟೆ ಕೊಳೆಯುತ್ತಾ ಬಿದ್ದಿರುವಾಗ ಬಚ್ಚಲ ಹಂಡೆ ಬಿಟ್ಟು ಕರೆಂಟಿನಲ್ಲಿ ನೀರು ಕಾಯಿಸುವುದೇ? ಆದರೆ ಒಲೆಯ ಹೊಗೆ, ಬೂದಿ, ಮುಂಜಾನೆ ಊದುವ ಕಷ್ಟ ಇವೆಲ್ಲ ಬಹುಪಾಲು ಹೆಂಗಸರ ಪಾಲಿಗೇ ಬಂದಿರುತ್ತದೆ. ಹಾಗಾಗಿ ‘ಹಂಡೆಯೇ ಚೆಂದ’ ಅಂತ ಜಗಲಿಯಲ್ಲಿ ಕೂತು ಹೇಳುವುದು ಸುಲಭ. ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ವಿಭಾಗ ರೂಪಿಸಿದ ಅಸ್ತ್ರ ಒಲೆ ಹಲವರಿಗೆ ನೆನಪಿರಬಹುದು. ಗಾಳಿ ಒಳಬರಲು ಜಾಲರಿ, ಹೊಗೆ ಹೊರಹೋಗಲು ಕೊಳವೆ ಎರಡೂ ಸರಿ ಇದ್ದರೆ ಸೌದೆಯೂ ಕಡಿಮೆ, ಕಣ್ಣೀರೂ ಇಲ್ಲ. ಹಂಡೆ ಒಲೆಗೂ ಅದೇ ತತ್ವ. ಹೊಗೆ ಕೊಳವೆ ಇಲ್ಲದ ಬಚ್ಚಲಿದ್ದರೆ ಮೊದಲು ಆ ಖರ್ಚು ಮಾಡಿ.

ಸೌರ ನೀರು ಕಾಯಿಸುವ ಯಂತ್ರ ಬಿಸಿಲಿನ ಎಂಟು ತಿಂಗಳು ಚಿಂತೆಯಿಲ್ಲದ್ದು. ಮಳೆಗಾಲದಲ್ಲಿ ಅದಕ್ಕೆ ಜೋಡಿಸಿರುವ ಕರೆಂಟಿನ ಕಾಯಿಲನ್ನು ಮಾತ್ರ ಚಾಲೂ ಬಿಡಬೇಡಿ. ನೂರು ಲೀಟರನ್ನೂ ಕಾಯಿಸುತ್ತಾ ಕೂರುತ್ತದೆ, ನಿಮಗೆ ಬೇಕಾದ್ದು ನಾಲ್ಕು ಬಕೆಟ್ಟು ಇರಬಹುದು. ಬೋರಿನ ಗಡಸು ನೀರಾದರೆ ಕೊಳವೆಯೊಳಗೆ ಸುಣ್ಣ ಕಟ್ಟುತ್ತದೆ, ಬಾವಿ ಅಥವಾ ಮಳೆ ನೀರೇ ಅದಕ್ಕೆ ಒಳ್ಳೆಯದು. ಬಕೆಟ್ಟಿಗೆ ಇಳಿಬಿಡುವ ರಾಡಿನ ಬಗ್ಗೆ ಹೇಳುವುದಾದರೆ, ಅದು ಯೂನಿಟ್ಟಿನಲ್ಲಿ ಗೀಸರಿಗಿಂತ ಕೆಟ್ಟದ್ದಲ್ಲ, ಆದರೆ ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ.

ಗ್ರೈಂಡರಿಗೆ ಬೈಯಬೇಡಿ

150 ವಾಟಿನ ಗ್ರೈಂಡರು ಅರ್ಧ ಗಂಟೆ ತಿರುಗಿದರೆ 0.075 ಯೂನಿಟ್ಟು. ಅಂದರೆ 45 ಪೈಸೆ. ಮಿಕ್ಸಿ 500 ವಾಟು ಇದ್ದರೂ ಹತ್ತು ನಿಮಿಷಕ್ಕೆ ಅಷ್ಟೇ. ಸದ್ದು ಮಾಡುವುದೆಲ್ಲ ಕರೆಂಟು ತಿನ್ನುವುದಿಲ್ಲ, ಸದ್ದಿಲ್ಲದೆ ಕೂತದ್ದು ತಿನ್ನುತ್ತದೆ. ಬಟ್ಟೆ ಒಗೆಯುವ ಯಂತ್ರವೂ ತಣ್ಣೀರಿನಲ್ಲಾದರೆ ಪರವಾಗಿಲ್ಲ, ಬಿಸಿ ನೀರಿನ ಗುಂಡಿ ಒತ್ತಿದರೆ ಲೆಕ್ಕ ಬೇರೆ. 9 ವಾಟಿನ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ ಒಂದೂವರೆ ಯೂನಿಟ್ಟೂ ಆಗುವುದಿಲ್ಲ. ಹಿಂದೆ 60 ವಾಟಿನ ಬುರುಡೆ ಇದ್ದಾಗ ಅದು 9 ಯೂನಿಟ್ಟು ಆಗುತ್ತಿತ್ತು, ಮಕ್ಕಳಿಗೆ ಬೈಯುವುದರಲ್ಲಿ ಅರ್ಥವಿತ್ತು. ಹಟ್ಟಿಯಲ್ಲೋ ಕೊಟ್ಟಿಗೆಯಲ್ಲೋ ಇನ್ನೂ ಹಳೆ ಬುರುಡೆ ನೇತಾಡುತ್ತಿದ್ದರೆ ಇವತ್ತೇ ತೆಗೆಯಿರಿ.

ಫ್ಯಾನು ಹಾಗಲ್ಲ. ಕರಾವಳಿಯ ಸೆಕೆಗೆ ದಿನಕ್ಕೆ ಹತ್ತು ಗಂಟೆ ತಿರುಗುವ 75 ವಾಟಿನ ಹಳೆ ಫ್ಯಾನು ತಿಂಗಳಿಗೆ 22 ಯೂನಿಟ್ಟು ತಿನ್ನುತ್ತದೆ. ಈಗ ಬಂದಿರುವ ಬಿಎಲ್‌ಡಿಸಿ ಫ್ಯಾನು 30 ವಾಟಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ, 9 ಯೂನಿಟ್ಟು. ಇನ್ವರ್ಟರಿನಲ್ಲಿ ಎರಡು ಪಟ್ಟು ಹೊತ್ತು ತಿರುಗುವುದು ಬೋನಸ್ಸು. ಎಲ್ಲ ಕೋಣೆಗೂ ಒಮ್ಮೆಲೇ ಬೇಡ, ರಾತ್ರಿಯಿಡೀ ತಿರುಗುವ ಒಂದೆರಡನ್ನು ಮೊದಲು ಬದಲಿಸಿ. ಹಳೆ ರೆಗ್ಯುಲೇಟರಿಗೆ ಇದನ್ನು ಜೋಡಿಸಬಾರದು. ಇನ್ನೊಂದು ಮಾತು ಅಂಗಡಿಯವರು ಹೇಳುವುದಿಲ್ಲ: ಇದರ ಹೊಟ್ಟೆಯಲ್ಲಿ ಎಲೆಕ್ಟ್ರಾನಿಕ್ ಬೋರ್ಡು ಇದೆ, ಸಿಡಿಲಿಗೆ ಸೂಕ್ಷ್ಮ. ಗುಡುಗು ಶುರುವಾದರೆ ಅದರ ಸ್ವಿಚ್ಚು ಆರಿಸುವುದು ಕ್ಷೇಮ.

ಫ್ರಿಜ್ಜಿನ ನಕ್ಷತ್ರದ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ಟು ಅಂತ ಸಂಖ್ಯೆಯೇ ಇರುತ್ತದೆ. ನಕ್ಷತ್ರ ಎಣಿಸುವ ಬದಲು ಅದನ್ನು ಓದಿ. ನಕ್ಷತ್ರದ ಮಾನದಂಡವನ್ನು ಆಗಾಗ ಬಿಗಿ ಮಾಡುತ್ತಾ ಬಂದಿದ್ದಾರೆ, ಹಳೆಯ ಐದು ನಕ್ಷತ್ರ ಇವತ್ತಿನ ಐದಲ್ಲ. ಇದ್ದ ಫ್ರಿಜ್ಜಿಗೆ ಮಾಡಬಹುದಾದ್ದು ಇಷ್ಟು: ಒಲೆಯ ಹತ್ತಿರ ಇಡಬೇಡಿ, ಹಿಂದೆ ಒಂದು ಗೇಣು ಜಾಗ ಬಿಡಿ, ಹಿಂಬದಿಯ ಕಪ್ಪು ಜಾಲರಿಯಲ್ಲಿ ಕಟ್ಟಿದ ಮಸಿ ಜೇಡರಬಲೆ ಗುಡಿಸಿ. ಬಾಗಿಲಿಗೆ ಒಂದು ಹಾಳೆ ಕಾಗದ ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಬಂದರೆ ರಬ್ಬರು ಹೋಗಿದೆ.

ಜಾತ್ರೆಯಲ್ಲಿ ಮಾರುವ ಪೆಟ್ಟಿಗೆ

‘ಪ್ಲಗ್ಗಿಗೆ ಸಿಕ್ಕಿಸಿದರೆ ಬಿಲ್ಲು ಅರ್ಧ’ ಎನ್ನುವ ಪವರ್ ಸೇವರ್ ಎಂಬ ವಸ್ತುವನ್ನು ಹಲವರು ತಂದಿದ್ದಾರೆ. ಬಿಚ್ಚಿ ನೋಡಿದರೆ ಒಳಗೆ ಒಂದು ಕೆಪಾಸಿಟರು, ಒಂದು ಬಣ್ಣದ ದೀಪ. ಕೆಪಾಸಿಟರು ತಂತಿಯಲ್ಲಿ ಹರಿಯುವ ಆಂಪಿಯರನ್ನು ಸ್ವಲ್ಪ ಇಳಿಸಬಹುದು. ಮಾರುವವನು ಆಂಪಿಯರ್ ಮೀಟರು ತೋರಿಸಿ ನಂಬಿಸುವುದು ಅದಕ್ಕೇ. ಆದರೆ ನಮ್ಮ ಮನೆ ಮೀಟರು ದುಡ್ಡು ಹಾಕುವುದು ಯೂನಿಟ್ಟಿಗೆ, ಆಂಪಿಯರಿಗಲ್ಲ. ಕೆಂಪು ದೀಪದ ಲೆಕ್ಕ ಗೊತ್ತಿದ್ದವರು ಅಂಗಡಿಯವನ ಎದುರೇ ಪರೀಕ್ಷಿಸಬಹುದು, ಪೆಟ್ಟಿಗೆ ಸಿಕ್ಕಿಸಿದರೂ ಸೆಕೆಂಡು ಬದಲಾಗುವುದಿಲ್ಲ.

ಸೋಲಾರು ಹಾಕುವ ಮೊದಲು

2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಚಾವಣಿ ಸೋಲಾರಿಗೆ ಎರಡು ಕಿಲೋವಾಟಿನವರೆಗೆ ಕಿಲೋವಾಟಿಗೆ 30,000, ಮೂರು ಮತ್ತು ಮೇಲ್ಪಟ್ಟದ್ದಕ್ಕೆ ಒಟ್ಟು 78,000 ರೂಪಾಯಿ ಸಬ್ಸಿಡಿ ಇಟ್ಟರು. ಅಂದಿನಿಂದ ಮಾರುವವರ ಓಡಾಟ ಜೋರಾಗಿದೆ. ಗೃಹಜ್ಯೋತಿಯ ಪಾಲಿನೊಳಗೆ ಆರಾಮವಾಗಿರುವ ಮನೆಗೆ ಇದರಿಂದ ಉಳಿಯುವ ದುಡ್ಡು ಏನೂ ಇಲ್ಲ. ತಿಂಗಳು ತಿಂಗಳೂ 300-400 ಯೂನಿಟ್ಟು ಆಗುವ ದೊಡ್ಡ ಮನೆಗೆ ಲೆಕ್ಕ ಕೂಡುತ್ತದೆ. ಅಂಥವರೂ ಮೊದಲು ಮೀಟರಿನ ಮುಂದೆ ನಿಂತು ವ್ಯರ್ಥ ಹೋಗುವುದನ್ನು ನಿಲ್ಲಿಸಲಿ, ಆಮೇಲೆ ಎಷ್ಟು ಕಿಲೋವಾಟು ಎಂದು ನಿರ್ಧರಿಸಲಿ. ಇನ್ವರ್ಟರಿನ ಹಳೆ ಬ್ಯಾಟರಿಗೆ ಉಣಿಸಲು ಪ್ಯಾನಲು ಹಾಕುವುದು ಯಾವ ಲೆಕ್ಕ?

ಒಳ್ಳೆ ಬಿಸಿಲಿನಲ್ಲಿ ಒಂದು ಕಿಲೋವಾಟಿಗೆ ದಿನಕ್ಕೆ ನಾಲ್ಕು ಯೂನಿಟ್ಟು ಸಿಗುತ್ತದೆ. ನಮ್ಮ ಮಳೆಗಾಲದಲ್ಲಿ ಅದರ ಅರ್ಧವೂ ಕಷ್ಟ. ತೆಂಗಿನ ನೆರಳು ಪ್ಯಾನಲಿನ ಒಂದು ಮೂಲೆಗೆ ಬಿದ್ದರೂ ಇಡೀ ಸಾಲಿನ ಉತ್ಪತ್ತಿ ಇಳಿಯುತ್ತದೆ, ಮಡಲು ಬಿದ್ದರೆ ಗಾಜು ಹೋಗುತ್ತದೆ. ಅದಕ್ಕೆ ಮನೆ ಚಾವಣಿಗಿಂತ ಅಡಿಕೆ ಅಂಗಳದ ಬದಿಯ ಬಯಲು ಒಳ್ಳೆಯದಾಗಬಹುದು. ಆದರೆ ಸಬ್ಸಿಡಿಯ ನಿಯಮಕ್ಕೆ ಅದು ಒಪ್ಪುತ್ತದೋ ಎಂದು ಮೊದಲೇ ಕೇಳಿಕೊಳ್ಳಿ.

ಮಾರುವವರನ್ನು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ‘ಕರೆಂಟು ಹೋದಾಗ ಇದು ಕೆಲಸ ಮಾಡುತ್ತದೆಯೇ?’ ಬ್ಯಾಟರಿಯಿಲ್ಲದೆ ಲೈನಿಗೆ ಜೋಡಿಸುವ ಸಾಮಾನ್ಯ ವ್ಯವಸ್ಥೆ, ಲೈನು ಹೋದ ಕ್ಷಣ ತಾನೂ ನಿಲ್ಲುತ್ತದೆ. ಕಂಬದಲ್ಲಿ ಕೆಲಸ ಮಾಡುವ ಲೈನ್‌ಮ್ಯಾನಿಗೆ ನಮ್ಮ ಚಾವಣಿಯಿಂದ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿರುವುದು. ನೆತ್ತಿಯ ಮೇಲೆ ಸುಡು ಬಿಸಿಲಿದ್ದರೂ ಮನೆಯೊಳಗೆ ಫ್ಯಾನು ತಿರುಗುವುದಿಲ್ಲ. ವಾರಗಟ್ಟಲೆ ಲೈನು ಹೋಗುವ ಊರಿನವರು ಕರೆಂಟು ಹೋಗುವ ಕಷ್ಟಕ್ಕೆಂದು ಸೋಲಾರು ಹಾಕುವುದಾದರೆ, ಬ್ಯಾಟರಿ ಸೇರಿದ ವ್ಯವಸ್ಥೆಯ ಬೆಲೆ ಕೇಳಿಯೇ ಮುಂಗಡ ಕೊಡಿ.